ಹೊಸಿಲೊಳಗಿನ ಶಾಂತಿ

ಶಾಂತಿಯನ್ನು ಅರಸುತ್ತ ಮನುಷ್ಯನು ಬೆಟ್ಟಗಳನ್ನು ಏರಿದ್ದಾನೆ, ನದಿಗಳಲ್ಲಿ ಮಿಂದಿದ್ದಾನೆ, ದೂರದ ಕ್ಷೇತ್ರಗಳಿಗೆ ನಡೆದು ಹೋಗಿದ್ದಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಯಾತ್ರೆ ಮುಗಿಸಿದವನು ಮರಳಿ ಬರುವುದು ತನ್ನ ಮನೆಗೇ. ಅಲ್ಲಿ ಬಾಗಿಲು ತೆರೆದ ಕೈಯನ್ನೂ ಕಾಲಿಗೆ ನೀರು ತಂದಿಟ್ಟ ಕೈಯನ್ನೂ ಅವನು ಗಮನಿಸದೆ ಹೋದರೆ, ದೂರದಲ್ಲಿ ಗಳಿಸಿದ ಶಾಂತಿ ಹೊಸಿಲಲ್ಲಿಯೇ ಕರಗಿಹೋಗುತ್ತದೆ. ಬಾಳಿನ ದೊಡ್ಡ ಪಾಠಗಳು ಮೊದಲು ದೊರೆಯುವುದು ಮನೆಯ ಸಣ್ಣ ಸಂಗತಿಗಳಲ್ಲಿ.

ಮುಸ್ಸಂಜೆಯಲ್ಲಿ ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಾಳೆ. ಅವಳು ಹೇಳುವ ಸ್ತುತಿಯ ಅರ್ಥ ಮೊಮ್ಮಗುವಿಗೆ ತಿಳಿಯದು. ಆದರೆ ನಿನ್ನೆ ಬೆಳಗಿದ ದೀಪ ಇಂದೂ ಬೆಳಗಿದೆ, ನಾಳೆಯೂ ಬೆಳಗುವುದು ಎಂಬುದು ಅದಕ್ಕೆ ತಿಳಿದಿದೆ. ಜ್ವರ ಬಂದ ರಾತ್ರಿ ಆ ಮಗು ಕಣ್ಣು ತೆರೆದಾಗಲೆಲ್ಲ, ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುತ್ತ ತಂದೆ ಪಕ್ಕದಲ್ಲಿ ಕುಳಿತಿರುತ್ತಾನೆ. ಮನೆಯಲ್ಲಿ ನಡೆಯುವುದು ಪೂಜೆಯಿರಲಿ, ನಮಾಜಿರಲಿ, ಬೇರೆ ಪ್ರಾರ್ಥನೆಯಿರಲಿ, ಹೀಗೆ ಬೆಳೆದ ಮಗುವಿಗೆ ನಂಬಿಕೆ ಎಂದರೇನೆಂದು ಬಾಯಿಮಾತಿನಲ್ಲಿ ವಿವರಿಸಬೇಕಾಗಿಲ್ಲ.

ಮನೆಯ ಮಾತೊಂದು ನಾಡಿಗೇ ಪಾಠವಾದುದುಂಟು. ಹನ್ನೆರಡನೆಯ ಶತಮಾನದ ಶರಣರಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಪ್ರಸಿದ್ಧರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಅವರ ದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನಂತೆ. ಲಕ್ಕಮ್ಮ ಹಿಗ್ಗಲಿಲ್ಲ. ಇದು ಅಗತ್ಯಕ್ಕೆ ಮೀರಿದ್ದು, ಆಸೆಯಿಂದ ತಂದದ್ದು ಎಂದು ತಿಳಿಹೇಳಿ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಮಾರಯ್ಯನು ಅದರಂತೆಯೇ ನಡೆದುಕೊಂಡನು. ಬಡವರ ಮನೆಯೊಂದರಲ್ಲಿ ನಡೆದ ಈ ಸಣ್ಣ ಪ್ರಸಂಗವನ್ನು ಕನ್ನಡ ನಾಡು ಇಂದಿಗೂ ನೆನೆಯುತ್ತಿದೆ. 'ಸಾಕು' ಎನ್ನುವ ಧೈರ್ಯ ಹೆಂಡತಿಗಿತ್ತು. ಅದನ್ನು ಕೇಳುವ ವಿನಯ ಗಂಡನಿಗಿತ್ತು. ಆ ಮನೆಯ ಶಾಂತಿ ಈ ಎರಡು ಗುಣಗಳ ಮೇಲೆ ನಿಂತಿತ್ತು.

ಇಲ್ಲಿ ಒಂದು ಎಚ್ಚರ ಅಗತ್ಯ. ಜಗಳವಿಲ್ಲದ ಮನೆಗಳೆಲ್ಲ ಶಾಂತಿಯ ಮನೆಗಳಲ್ಲ. ಎಲ್ಲರ ಊಟವಾದ ಮೇಲೆ ಬುಟ್ಟಿಯಲ್ಲಿ ಒಂದೇ ರೊಟ್ಟಿ ಉಳಿದಿರುತ್ತದೆ. "ನನಗೆ ಹಸಿವಿಲ್ಲ, ನೀನೇ ತಿನ್ನು" ಎನ್ನುತ್ತಾಳೆ ತಾಯಿ. ಇಂಥ ತ್ಯಾಗವನ್ನು ಹೊಗಳುವುದು ಬಹಳ ಸುಲಭ. ಆದರೆ ಒಬ್ಬಳ ಹಸಿವಿನ ಮೇಲೆ, ಒಬ್ಬಳ ಮೌನದ ಮೇಲೆ ನಿಂತದ್ದು ಶಾಂತಿಯಲ್ಲ. ಅದು ಉಳಿದವರ ಅನುಕೂಲ ಮಾತ್ರ. ಆ ರೊಟ್ಟಿಯನ್ನು ಮುರಿದು, ಅರ್ಧವನ್ನು ತಾಯಿಯ ತಟ್ಟೆಗಿಟ್ಟು, "ಅವ್ವಾ, ನೀನೂ ಉಣ್ಣು" ಎನ್ನುವ ಮಗನು ಧರ್ಮದ ಒಂದು ಅಧ್ಯಾಯವನ್ನು ಓದಿ ಮುಗಿಸಿದಂತೆ. ಮರುದಿನ ಒಲೆಯ ಬಳಿ ಕುಳಿತು ಅವಳ ಕೆಲಸಕ್ಕೆ ಕೈಜೋಡಿಸಿದರೆ ಅದನ್ನು ಅರಿತಂತೆ.

ಇಂದು ಒಂದೇ ಸೂರಿನ ಕೆಳಗಿದ್ದರೂ ಒಬ್ಬೊಬ್ಬರು ಒಂದೊಂದು ಹೊತ್ತಿನಲ್ಲಿ ಉಣ್ಣುವ ಮನೆಗಳು ಕಡಿಮೆಯಿಲ್ಲ. ಒಟ್ಟಿಗೆ ಕುಳಿತಾಗಲೂ ಕೆಲವರ ಕಣ್ಣು ಕೈಯಲ್ಲಿರುವ ಮೊಬೈಲಿನ ಮೇಲೆಯೇ ಇರುತ್ತದೆ. ಯಂತ್ರವನ್ನು ದೂಷಿಸಿ ಫಲವಿಲ್ಲ. ಎದುರಿಗಿರುವವರ ಮುಖವನ್ನು ನೋಡುವ ಅಭ್ಯಾಸ ತಪ್ಪಿದರೆ, ಅವರ ಹಸಿವೂ ತಿಳಿಯದು, ನೋವೂ ತಿಳಿಯದು ಎಂಬುದೇ ನಿಜವಾದ ಆತಂಕ.

ಎಲ್ಲ ಮನೆಗಳಲ್ಲಿಯೂ ಕೋಪ ಬರುತ್ತದೆ, ಕಟುವಾದ ಮಾತು ಬಾಯಿ ತಪ್ಪಿ ಬೀಳುತ್ತದೆ. ದುಡುಕಿ ಗದರಿದ ತಂದೆ ಮಗಳ ಬಳಿ ಬಂದು, "ತಪ್ಪಾಯಿತಮ್ಮ" ಎಂದರೆ ಅವನ ಗೌರವ ಕುಂದುವುದಿಲ್ಲ. ದೊಡ್ಡವರೂ ತಿದ್ದಿಕೊಳ್ಳಬಲ್ಲರು ಎಂಬ ಭರವಸೆ ಆ ದಿನ ಮಗಳ ಮನಸ್ಸಿನಲ್ಲಿ ಬೇರೂರುತ್ತದೆ.

ಶಾಂತಿ ಹೊರಗಿನಿಂದ ಮನೆಗೆ ತರುವ ವಸ್ತುವಲ್ಲ. ದೀಪಕ್ಕೆ ದಿನವೂ ಎಣ್ಣೆ ಎರೆಯುವಂತೆ ಅದನ್ನು ದಿನವೂ ಉಳಿಸಿಕೊಳ್ಳಬೇಕು. ಎಣ್ಣೆ ಎರೆಯುವ ಕೆಲಸ ಮಾತ್ರ ಮನೆಯ ಒಬ್ಬರಿಗೇ ಮೀಸಲಾಗಬಾರದು.