ಒಂದು ಕಾಲಂ, ಇಡೀ ಬದುಕು

ಜೋಹಾನ್ಸ್‌ಬರ್ಗ್‌ನ ಅಪಾರ್ಥೈಡ್ ಮ್ಯೂಸಿಯಂ ಇರುವುದು ಒಂದು ಕ್ಯಾಸಿನೊ ಪಕ್ಕದಲ್ಲಿ. ಕ್ಯಾಸಿನೊ ಲೈಸೆನ್ಸ್ ಬೇಕಾದರೆ ಸಮಾಜಕ್ಕೂ ಏನಾದರೂ ಕಟ್ಟಿಕೊಡಬೇಕು ಎಂಬ ಷರತ್ತಿನಿಂದ ಹುಟ್ಟಿ, 2001ರಲ್ಲಿ ಬಾಗಿಲು ತೆರೆದ ಜಾಗ ಅದು. ಆಫೀಸ್ ಕೆಲಸಕ್ಕೆಂದು ಆ ಊರಿಗೆ ಹೋದಾಗ ಸಿಕ್ಕ ಒಂದು ರಜಾ ದಿನ ಅಲ್ಲಿಗೆ ಹೋಗಿದ್ದೆ.

ಟಿಕೆಟ್ ಮೇಲೆ ‘ಬಿಳಿಯರು’ ಅಥವಾ ‘ಬಿಳಿಯರಲ್ಲದವರು’ ಎಂದಿರುತ್ತದೆ. ಮುಖ ನೋಡಿ ಕೊಡುವುದಲ್ಲ, ಕೈಗೆ ಬಂದದ್ದು. ಎರಡಕ್ಕೂ ಬೇರೆ ಬೇರೆ ಬಾಗಿಲು. ಜೊತೆಗೆ ಬಂದಿದ್ದ ಸಹೋದ್ಯೋಗಿ ಒಂದರಲ್ಲಿ ಹೋದರೆ ನಾನು ಇನ್ನೊಂದರಲ್ಲಿ. ಒಳಗೆ ಕಬ್ಬಿಣದ ಸರಳುಗಳ ಹಿಂದೆ ದೊಡ್ಡದಾಗಿ ಮಾಡಿಟ್ಟ ಗುರುತಿನ ಚೀಟಿಗಳು. ಮುಂದೆ ನೋಡಿದ ಪೊಲೀಸ್ ಗಾಡಿ, ನೇಣಿನ ಕುಣಿಕೆಗಳಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ಚೀಟಿಗಳೇ.

1950ರ ಜನಸಂಖ್ಯಾ ನೋಂದಣಿ ಕಾಯ್ದೆ ಅಲ್ಲಿನ ಪ್ರತಿಯೊಬ್ಬರಿಗೂ ಒಂದು ಜನಾಂಗ ಬರೆಯಿತು: ಬಿಳಿಯರು, ‘ನೇಟಿವ್’ಗಳು, ಮಿಶ್ರ ಮೂಲದ ‘ಕಲರ್ಡ್’ಗಳು. ಭಾರತೀಯರದು ಮುಂದೆ ಪ್ರತ್ಯೇಕ ಗುಂಪಾಯಿತು. ಯಾವ ಬೀದಿಯಲ್ಲಿ ಮನೆ, ಯಾವ ಶಾಲೆ, ಯಾರ ಜೊತೆ ಮದುವೆ, ಯಾವ ಬೆಂಚು, ಎಲ್ಲವೂ ಅದರ ಮೇಲೆ ನಿಂತವು. ಡೇಟಾಬೇಸ್ ಕೆಲಸ ಮಾಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಕಾಲಂ, ಉಳಿದ ಟೇಬಲ್‌ಗಳೆಲ್ಲ ಅದನ್ನೇ ಕೇಳುತ್ತವೆ.

ಆ ಕಾಲಂ ತುಂಬುತ್ತಿದ್ದದ್ದು ಹೇಗೆ? ಅನುಮಾನ ಬಂದರೆ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ, ಜಾರಿ ಬೀಳುತ್ತದೋ ಇಲ್ಲವೋ ನೋಡುತ್ತಿದ್ದರು. ಸ್ಯಾಂಡ್ರಾ ಲೈಂಗ್ ಎಂಬ ಹುಡುಗಿಯ ಅಪ್ಪ ಅಮ್ಮ ಇಬ್ಬರೂ ಬಿಳಿಯರು. ಅವಳ ಮೈಬಣ್ಣ ಕಂದು, ಕೂದಲು ಗುಂಗುರು. 1966ರಲ್ಲಿ ಅವಳನ್ನು ಶಾಲೆಯಿಂದ ಹೊರಹಾಕಿ ‘ಕಲರ್ಡ್’ ಎಂದರು, ಮರುವರ್ಷ ಮತ್ತೆ ‘ಬಿಳಿಯಳು’ ಎಂದರು. ಹುಡುಗಿ ಅದೇ ಹುಡುಗಿ, ಬದಲಾದದ್ದು ದಾಖಲೆ.

ಕರಿಯರು ಸದಾ ಜೇಬಿನಲ್ಲಿಟ್ಟುಕೊಳ್ಳಬೇಕಿದ್ದ ಪಾಸ್‌ಬುಕ್ಕಿಗೆ ಫೋಟೊ ಬೇಕಿತ್ತು. 1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯ ನೌಕರರಾದ ಕ್ಯಾರೋಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್, ತಮ್ಮ ಕಂಪನಿಯ ಕ್ಯಾಮೆರಾ ಈ ಕೆಲಸಕ್ಕೆ ಬಳಕೆಯಾಗುತ್ತಿರುವುದನ್ನು ತಿಳಿದು ಚಳವಳಿ ಶುರುಮಾಡಿದರು. ಹಂಟರ್ ಕೆಲಸ ಕಳೆದುಕೊಂಡರು. 1977ರಲ್ಲಿ ಪೋಲರಾಯ್ಡ್ ಆ ದೇಶವನ್ನೇ ಬಿಟ್ಟಿತು. ಕೋಡ್ ಬರೆದು ಸಂಬಳ ತಗೊಳ್ಳುವ ನಮ್ಮಂಥವರು ಮಂಡೇಲಾ ಜೊತೆಗೆ ಇವರ ಹೆಸರೂ ನೆನಪಿಟ್ಟುಕೊಳ್ಳಬೇಕು.

ನೋಂದಣಿ ಕಾಯ್ದೆ 1991ರಲ್ಲಿ ರದ್ದಾಯಿತು. 1994ರ ಏಪ್ರಿಲ್‌ನಲ್ಲಿ ಎಲ್ಲ ಬಣ್ಣದವರೂ ಒಟ್ಟಿಗೆ ಮತ ಹಾಕಿದರು. ಆದರೆ ಊರಿನ ನಕ್ಷೆ ಅಷ್ಟು ಸುಲಭಕ್ಕೆ ಅಳಿಸುವುದಿಲ್ಲ. ನಗರದ ನಡುವೆ ಇದ್ದ ಭಾರತೀಯರನ್ನು ಎಬ್ಬಿಸಿ ಮೂವತ್ತು ಕಿಲೋಮೀಟರಿಗೂ ದೂರದ ಲೆನೇಷಿಯಾಕ್ಕೆ ಕಳಿಸಿದ್ದರು, ಕರಿಯರಿಗೆ ಸೊವೆಟೊ. ಇಂದಿಗೂ ಲಕ್ಷಾಂತರ ಜನ ಅಂಥ ಅಂಚುಗಳಿಂದಲೇ ವ್ಯಾನ್ ಹತ್ತಿ ನಗರಕ್ಕೆ ದುಡಿಯಲು ಬರುತ್ತಾರೆ. ಸಂಬಳದ ಒಂದು ಪಾಲು ದಾರಿಗೇ ಖರ್ಚು. ಈಗ ಯಾವ ಕಾನೂನೂ ಅವರನ್ನು ತಡೆಯುವುದಿಲ್ಲ, ಬಾಡಿಗೆ ತಡೆಯುತ್ತದೆ. ಊರಾಚೆ ಕೇರಿ ಕಂಡು ಬೆಳೆದ ನಮಗೆ ಈ ನಕ್ಷೆ ಹೊಸದೇನಲ್ಲ.

ಸಹೋದ್ಯೋಗಿ ಹೊರಗೆ ಬಂದವರು, “ಇದನ್ನೆಲ್ಲ ಮಾಡಿದವರು ಎಂಥ ಕ್ರೂರಿಗಳು” ಅಂದರು. ಕ್ರೂರಿಗಳು ಇದ್ದರು, ನಿಜ. ಅವರ ಜೊತೆಗೆ ಹತ್ತಕ್ಕೆ ಬಂದು ಐದಕ್ಕೆ ಮನೆಗೆ ಹೋಗುತ್ತಿದ್ದ ಗುಮಾಸ್ತರೂ ಇದ್ದರು. ಕಾಲಂ ಖಾಲಿ ಬಿಡದೆ ನೀಟಾಗಿ ತುಂಬಿದವರು. ನಾವು ಮಾಡುವ ಫಾರಂಗಳಲ್ಲೂ ಧರ್ಮ, ಜಾತಿ, ಊರು ಎಂಬ ಕಾಲಂಗಳು ಬರುತ್ತವೆ. ಕೆಲವಕ್ಕೆ ನ್ಯಾಯವಾದ ಕಾರಣವೂ ಇರುತ್ತದೆ. ಆದರೂ ಅದನ್ನು ಕಡ್ಡಾಯ ಮಾಡುವ ಮುಂಚೆ, ಈ ಉತ್ತರ ನೋಡಿ ಯಾರು ಯಾರನ್ನು ಯಾವ ಬಾಗಿಲಲ್ಲಿ ತಡೆಯಬಹುದು ಎಂದು ಮೀಟಿಂಗಿನಲ್ಲಿ ಒಬ್ಬರಾದರೂ ಕೇಳಬೇಕು.