ಚಾಡ್ ಎಲ್ಲಿ ಹೋದ?

ದಿನಾ ಸಂಜೆ ರಾಸ್ ಅಲ್ ಖೋರ್ ರಸ್ತೆಯ ಟ್ರಾಫಿಕ್ಕಲ್ಲಿ ಆಫೀಸ್ ಬಸ್ ತೆವಳುವಾಗ ಓದ್ತಿದ್ದ ‘ಬ್ಲೀಚ್’ ಮಂಗಾ ಅಂತೂ ಮುಗೀತು. ಟೈಟೊ ಕುಬೊ 2001ರಿಂದ 2016ರವರೆಗೆ ಬರೆದ 74 ಸಂಪುಟಗಳ ಕಥೆ. ಕೊನೆಯ ಯುದ್ಧವೊಂದಕ್ಕೇ 200ಕ್ಕೂ ಹೆಚ್ಚು ಅಧ್ಯಾಯ! ಹೊಸ ಶತ್ರುಗಳ ಶಕ್ತಿ ವಿವರಿಸೋಕೆ ಪುಟಗಟ್ಟಲೆ ಜಾಗ. ಮೊದಲಿಂದ ನಾಯಕ ಇಚಿಗೊನ ಬೆನ್ನಿಗೆ ನಿಂತ ಗೆಳೆಯ ಚಾಡ್‌ಗೆ ಮಾತ್ರ ಕೆಲಸವೇ ಇಲ್ಲ ಅನ್ನೋ ಹಾಗೆ.

ನಿಧಾನ ತಪ್ಪಲ್ಲ ಕಣ್ರೀ. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕೂರ್ತಿದ್ದ ಅಮ್ಮನ ಮಗ ನಾನು. ಆದರೆ ಕಾದಿದ್ದಕ್ಕೆ ಪಾತ್ರ ಒಂದು ಹೆಜ್ಜೆಯಾದ್ರೂ ಬೆಳೀಬೇಕು.

ಕೊನೆಗೆ ಕಥೆ ಹತ್ತು ವರ್ಷ ಮುಂದಕ್ಕೆ ಹಾರುತ್ತೆ. ಚಾಡ್ ಈಗ ಬಾಕ್ಸರ್. ಅವನ ಪಂದ್ಯವನ್ನ ಟೀವಿಯಲ್ಲಿ ನೋಡೋಕೆ ಗೆಳೆಯರೆಲ್ಲ ಸೇರ್ತಾರೆ. ಅವನು ಅಲ್ಲಿಗೆ ತಲುಪಿದ್ದು ಹೇಗೆ? ನಂಗೆ ಓದಬೇಕಿದ್ದದ್ದು ಅದು...