ಡೋಪಿಂಗಿಗೆ ಕನ್ನಡದ ಪದ

ಕಾಸರಗೋಡಿನ ಮುರಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಲೋಹದ ಆಕ್ಸೈಡ್‌ಗಳು ನಮಗೆ ಅಪರಿಚಿತವಲ್ಲ. ಅವುಗಳ ಸೂಕ್ಷ್ಮ ವರ್ತನೆಯನ್ನು ಹೇಳುವ ಕನ್ನಡ ಮಾತ್ರ ಇನ್ನೂ ಸಾಲದಾಗಿದೆ.

ಸತುವಿನ ಆಕ್ಸೈಡ್ ಬಿಳಿಯ ಪುಡಿ. ಅಯಸ್ಕಾಂತ ಅದನ್ನು ಸೆಳೆಯದು. ಅದರ ಸ್ಫಟಿಕದಲ್ಲಿ ಸತುವಿನ ಕೆಲವು ಪರಮಾಣುಗಳ ಸ್ಥಾನದಲ್ಲಿ ಕೋಬಾಲ್ಟ್ ಅಥವಾ ಮ್ಯಾಂಗನೀಸ್ ಪರಮಾಣುಗಳನ್ನು ಕೂರಿಸುವುದೇ ಡೋಪಿಂಗ್. ಹೀಗೆ ಮಾಡಿದರೆ ಕೋಣೆಯ ಉಷ್ಣತೆಯಲ್ಲಿಯೇ ಅದು ಕಾಂತತ್ವ ಪಡೆಯುವುದೆಂದು ಹಲವು ಪ್ರಯೋಗಾಲಯಗಳು ವರದಿ ಮಾಡಿದವು. 2005ರಲ್ಲಿ ಬೆಂಗಳೂರಿನ ಸಿ.ಎನ್.ಆರ್. ರಾವ್ ಮತ್ತು ಎಫ್.ಎಲ್. ದೀಪಕ್ ತಮ್ಮ ಮಾದರಿಗಳಲ್ಲಿ ಅಂಥ ಕಾಂತತ್ವ ಕಾಣಲಿಲ್ಲವೆಂದು ಪ್ರಕಟಿಸಿದರು. ಮರುವರ್ಷ ಎ. ಸುಂದರೇಶನ್, ರಾವ್ ಮತ್ತು ಸಂಗಡಿಗರು ಏನನ್ನೂ ಸೇರಿಸದ ಆಕ್ಸೈಡ್‌ಗಳ ನ್ಯಾನೋಕಣಗಳಲ್ಲಿಯೇ ಕಾಂತತ್ವವನ್ನು ಕಂಡರು. ಕಣದ ಮೇಲ್ಮೈಯಲ್ಲಿ ಆಮ್ಲಜನಕ ತೆರವು ಮಾಡಿದ ಸ್ಥಾನಗಳು ಅದಕ್ಕೆ ಕಾರಣವಿರಬಹುದೆಂದರು.

ಚರ್ಚೆಯ ಒಂದು ತಿರುಳು ಇದು: ಸೇರಿಸಿದ ಪರಮಾಣು ಸ್ಫಟಿಕದೊಳಗೆ ನೆಲೆಗೊಂಡಿದೆಯೇ, ಇಲ್ಲವೆ ಬೇರೆಯಾಗಿ ಗುಂಪುಗೂಡಿದೆಯೇ? ಡೋಪಿಂಗನ್ನು ‘ಕಲಬೆರಕೆ’ ಎಂದರೆ ಈ ಭೇದವೇ ಅಳಿಯುತ್ತದೆ. ‘ಕಸಿ’ ಎಂದರೆ ಉಳಿಯುತ್ತದೆ. ಗೇರುಸಸಿಗೆ ಕಸಿ ಕಟ್ಟುವ ನಾಡಿಗೆ ಅದು ಒಡನೆ ಅರ್ಥವಾಗುವುದು.

ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ತಾಯ್ನುಡಿಯಲ್ಲಿ ಓದುತ್ತಾರೆ. ಮುಂದೆ ಆ ದಾರಿ ನಿಲ್ಲುತ್ತದೆ. ಅದನ್ನು ಮುಂದುವರಿಸುವ ಹೊಣೆ ಭೌತಶಾಸ್ತ್ರದವರದು ಮಾತ್ರವಲ್ಲ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ವಿಜ್ಞಾನ ವಿಭಾಗದ ಸಹಪಾಠಿಗಳೊಡನೆ ಕುಳಿತು, ಒಂದೊಂದು ಪದವನ್ನೂ ವಸ್ತುವಿನ ವರ್ತನೆಗೆ ಒರೆಹಚ್ಚಿ ನೋಡಬೇಕು. ಪದಸಂಪತ್ತು ಬೆಳೆಯುವುದು ಹಾಗೆ.